ಇತಿಹಾಸದ ಸಿನಿಮಾ ನೋಡಿದ ಮೇಲೆ: ಒಂದು ದೃಶ್ಯ ಹಿಡಿದು ಮೂಲದವರೆಗೆ ಹೋಗುವುದು ಹೇಗೆ

ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಕಿತ್ತೂರು ಚೆನ್ನಮ್ಮನ ವೇಷ ಹಾಕಿದ ಮಗು ಯಾವ ಮಾತು ಹೇಳುತ್ತದೆ ಅಂತ ಯಾರನ್ನಾದರೂ ಕೇಳಿ. ‘ನಿಮಗೇಕೆ ಕೊಡಬೇಕು ಕಪ್ಪ’ ಅಂತ ತಕ್ಷಣ ಉತ್ತರ ಬರುತ್ತದೆ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ ನಟಿಸಿದ ಮೇಲೆ ರಾಣಿಯ ಮುಖ, ದನಿ, ಮಾತು ಎಲ್ಲವೂ ನಮ್ಮ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿವೆ. ಆದರೆ ಆ ಮಾತನ್ನು ರಾಣಿಯೇ ಆಡಿದ್ದು ಅಂತ ನಮಗೆ ಹೇಗೆ ಗೊತ್ತು?

ಸಿನಿಮಾದ ಮಾತುಗಳನ್ನು ಸಂಭಾಷಣೆಕಾರರು ಬರೆಯುತ್ತಾರೆ. ಆ ಚಿತ್ರದ ನಿರ್ದೇಶಕ ಬಿ.ಆರ್. ಪಂತುಲು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿದ ಪಾಳೆಯಗಾರ ಕಟ್ಟಬೊಮ್ಮನ್ ಕುರಿತ ಚಿತ್ರ ಮಾಡಿದ್ದರು. ಅದರಲ್ಲೂ ಇಂಗ್ಲಿಷ್ ಅಧಿಕಾರಿಯ ಎದುರು ನಿಂತು ‘ನಿನಗೆ ಯಾಕೆ ಕೊಡಬೇಕು ತೆರಿಗೆ’ ಎಂದು ಸಾಲುಸಾಲಾಗಿ ಪ್ರಶ್ನೆ ಎಸೆಯುವ ಮಾತು ಇದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಅಕ್ಕ-ತಂಗಿಯರು ಅಂತ ಗೊತ್ತಾಗುತ್ತದೆ.

ಹಾಗಂತ ಕಿತ್ತೂರಿನ ಹೋರಾಟ ಸುಳ್ಳಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು, 1829ರಲ್ಲಿ ಅವರು ಅಲ್ಲೇ ತೀರಿಕೊಂಡರು. ಇಷ್ಟಕ್ಕೂ ದಾಖಲೆ ಇದೆ. ಘಟನೆಗೆ ಇರುವ ಗಟ್ಟಿತನ ಬೇರೆ, ಸಿನಿಮಾದ ಮಾತಿಗೆ ಇರುವ ಗಟ್ಟಿತನ ಬೇರೆ. ಎರಡನ್ನೂ ಬಿಡಿಸಿ ನೋಡುವುದು ಹೇಗೆ ಅಂತ ಹೇಳುವುದಕ್ಕೇ ಈ ಬರಹ. ಮಕ್ಕಳಿಗೆ ಪಾಠ ಮಾಡುವವರಿಗೆ, ಮನೆಯಲ್ಲಿ ಮಕ್ಕಳ ಜೊತೆ ಕೂತು ಸಿನಿಮಾ ನೋಡುವವರಿಗೆ, ಸಿನಿಮಾದ ತುಣುಕನ್ನು ‘ನೋಡಿ, ಇದೇ ನಿಜ’ ಅಂತ ಯಾರೋ ಗುಂಪಿಗೆ ಕಳಿಸಿದಾಗ ಏನು ಹೇಳಬೇಕೆಂದು ತಿಳಿಯದವರಿಗೆ ಇದು ನೆರವಾಗಬಹುದು.

ಮೊದಲ ಸಲ ಸುಮ್ನೆ ನೋಡಿ

ಕೈಯಲ್ಲಿ ಪೆನ್ನು ಹಿಡಿದು ಕೂರಬೇಡಿ. ಸಿನಿಮಾ ನಮ್ಮನ್ನು ಎಲ್ಲಿ ಅಳಿಸಿತು, ಎಲ್ಲಿ ಸಿಟ್ಟು ಬರಿಸಿತು, ಯಾರ ಮೇಲೆ ಬರಿಸಿತು ಅನ್ನುವುದು ಗೊತ್ತಾಗಬೇಕಾದರೆ ಮೊದಲು ಅದಕ್ಕೆ ಮನಸ್ಸು ಕೊಡಬೇಕು. ಮುಂದೆ ಪರೀಕ್ಷೆ ಮಾಡಬೇಕಾದ ದೃಶ್ಯಗಳು ಹೆಚ್ಚಾಗಿ ಅವೇ ಆಗಿರುತ್ತವೆ. ತಪ್ಪು ಹುಡುಕಲೆಂದೇ ಕೂತವರಿಗೆ ಸೀರೆಯ ಅಂಚು, ಕುದುರೆಯ ಜೀನು ಕಾಣುತ್ತದೆ. ಕತೆಯನ್ನು ಎತ್ತ ತಿರುಗಿಸಿದ್ದಾರೆ ಅನ್ನುವುದು ಕಾಣುವುದಿಲ್ಲ.

ಶುರುವಿನ ಬರಹ ಓದಿ

ಪರದೆಯ ಮೇಲೆ ಮೊದಲು ಬರುವ ನಾಲ್ಕು ಸಾಲನ್ನು ನಾವು ಓದುವುದೇ ಕಡಿಮೆ. ಅಲ್ಲಿ ನಿಲ್ಲಿಸಿ ಓದಿ. ‘ನೈಜ ಘಟನೆ ಆಧಾರಿತ’ ಎಂದರೆ ಘಟನೆಯ ಎಲುಬಾದರೂ ಇದೆ ಎಂದು ಹೇಳಿಕೊಳ್ಳುತ್ತಿದ್ದಾರೆ. ‘ಪ್ರೇರಿತ’ ಎಂದರೆ ಹಿಡಿತ ಇನ್ನೂ ಸಡಿಲ. ನಮ್ಮ ಕಡೆಯ ಎಷ್ಟೋ ಚಿತ್ರಗಳಲ್ಲಿ ಪೋಸ್ಟರ್ ‘ನಿಜ ಕತೆ’ ಎನ್ನುತ್ತದೆ, ಶುರುವಿನ ಬರಹ ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎನ್ನುತ್ತದೆ. ಮೊದಲನೆಯದು ಪ್ರಚಾರದವರು ಬರೆದದ್ದು, ಎರಡನೆಯದು ವಕೀಲರು ಬರೆಸಿದ್ದು.

ಒಳ್ಳೆಯ ಬರಹವೂ ಇರುತ್ತದೆ. ರಿಚರ್ಡ್ ಅಟೆನ್‌ಬರೋ ಅವರ 1982ರ ‘ಗಾಂಧಿ’ ಚಿತ್ರ ಶುರುವಾಗುವುದೇ ಒಂದು ಒಪ್ಪಿಗೆಯಿಂದ. ಯಾರ ಬದುಕನ್ನೂ ಒಂದೇ ಸಲ ಹೇಳಿ ಮುಗಿಸಲಾಗದು, ಪ್ರತಿ ವರ್ಷಕ್ಕೂ ಅದರ ತೂಕ ಕೊಡಲಾಗದು, ದಾಖಲೆಯ ಭಾವಕ್ಕೆ ನಿಷ್ಠರಾಗಿರಲು ಯತ್ನಿಸಿದ್ದೇವೆ ಎನ್ನುವ ಅರ್ಥದ ಮಾತು ಅಲ್ಲಿದೆ. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟ ಕುರಿತು ಜಿಲ್ಲೊ ಪೊಂಟೆಕೊರ್ವೊ 1966ರಲ್ಲಿ ಮಾಡಿದ ‘ಬ್ಯಾಟಲ್ ಆಫ್ ಅಲ್ಜೀರ್ಸ್’ ಎಷ್ಟು ನಿಜವಾಗಿ ಕಾಣುತ್ತಿತ್ತು ಎಂದರೆ, ಇದರಲ್ಲಿ ಒಂದಡಿ ಸುದ್ದಿಚಿತ್ರವೂ ಇಲ್ಲ ಎಂದು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಬರೆಯಬೇಕಾಯಿತು. ಆ ಚಿತ್ರದಲ್ಲಿ ಹೋರಾಟಗಾರರ ನಾಯಕನಾಗಿ ನಟಿಸಿದ ಸಾದಿ ಯಾಸೆಫ್ ನಿಜದಲ್ಲೂ ಆ ಹೋರಾಟದ ನಾಯಕರಲ್ಲಿ ಒಬ್ಬರು. ಚಿತ್ರದ ನಿರ್ಮಾಣದಲ್ಲೂ ಅವರ ಪಾಲಿತ್ತು. ಇದನ್ನೂ ಬರೆದಿಟ್ಟುಕೊಳ್ಳಿ: ಕತೆ ಯಾರದು, ದುಡ್ಡು ಯಾರದು.

ಮೂರೋ ನಾಲ್ಕೋ ದೃಶ್ಯ ಆರಿಸಿಕೊಳ್ಳಿ

ಇಡೀ ಸಿನಿಮಾವನ್ನು ಪರೀಕ್ಷೆ ಮಾಡಲು ಹೋದರೆ ಎರಡನೇ ದಿನಕ್ಕೆ ಸುಸ್ತಾಗುತ್ತೀರಿ. ಕೆಲವು ಬಗೆಯ ದೃಶ್ಯಗಳನ್ನು ಮಾತ್ರ ಎತ್ತಿಕೊಳ್ಳಿ. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರೇ ಮಾತಾಡುವುದು, ಅದರಲ್ಲೂ ಇಬ್ಬರೂ ಆಮೇಲೆ ಸತ್ತಿದ್ದರೆ. ಎದುರಾಳಿಗಳಿಬ್ಬರು ಮುಖಾಮುಖಿ ಆಗುವುದು. ಕೊನೇ ಕ್ಷಣದಲ್ಲಿ ಪವಾಡದ ಹಾಗೆ ಬಚಾವಾಗುವುದು. ನಾಯಕನ ದೊಡ್ಡ ಭಾಷಣ. ಖಳನಾಯಕ ಒಬ್ಬನೇ ಕೂತು ಸಂಚು ಮಾಡುವುದು. ಇವುಗಳಲ್ಲಿ ಬರಹಗಾರನ ಕೈವಾಡ ಜಾಸ್ತಿ.

ಅಭ್ಯಾಸಕ್ಕೆ ಒಂದು ಸುಲಭದ ಉದಾಹರಣೆ ಬೇಕಿದ್ದರೆ ಚಂದ್ರನತ್ತ ಹೊರಟ ನೌಕೆ ದಾರಿಯಲ್ಲಿ ಕೆಟ್ಟ ಕತೆ ಹೇಳುವ 1995ರ ‘ಅಪೊಲೊ 13’ ತೆಗೆದುಕೊಳ್ಳಿ. ‘ಹ್ಯೂಸ್ಟನ್, ನಮಗೊಂದು ಸಮಸ್ಯೆ ಇದೆ’ ಎಂಬ ಅದರ ಮಾತು ಲೋಕಪ್ರಸಿದ್ಧ. 1970ರ ಏಪ್ರಿಲ್‌ನ ನಿಜ ಧ್ವನಿಮುದ್ರಿಕೆ ನಾಸಾದಲ್ಲಿದೆ, ಯಾರು ಬೇಕಾದರೂ ಕೇಳಬಹುದು. ಮೊದಲು ಮಾತಾಡಿದ್ದು ಗಗನಯಾತ್ರಿ ಜಾಕ್ ಸ್ವಿಗರ್ಟ್. ಅವರು ಹೇಳಿದ್ದು ‘ಇಲ್ಲಿ ನಮಗೊಂದು ಸಮಸ್ಯೆ ಆಗಿತ್ತು’ ಎನ್ನುವ ಧಾಟಿಯಲ್ಲಿ. ಸಿನಿಮಾ ಅದನ್ನು ಈಗ ನಡೆಯುತ್ತಿರುವ ಸಂಗತಿಯಾಗಿ ಮಾಡಿ, ನೌಕೆಯ ನಾಯಕ ಜಿಮ್ ಲವೆಲ್ ಪಾತ್ರ ಮಾಡಿದ ಟಾಮ್ ಹ್ಯಾಂಕ್ಸ್ ಬಾಯಿಗೆ ಕೊಟ್ಟಿತು. ನನ್ನ ಮಟ್ಟಿಗೆ ಇದು ತಪ್ಪಲ್ಲ, ಯಾರಿಗೂ ಇದರಿಂದ ಅನ್ಯಾಯವಾಗಲಿಲ್ಲ. ಆದರೆ ‘ಸೋಲು ನಮಗಿರುವ ಆಯ್ಕೆಯೇ ಅಲ್ಲ’ ಎಂದು ನೆಲದ ಮೇಲಿನ ನಿಯಂತ್ರಣ ಕೇಂದ್ರದ ಮುಖ್ಯಸ್ಥ ಜೀನ್ ಕ್ರಾಂಜ್ ಪಾತ್ರ ಹೇಳುವ ಮಾತಿನ ಕತೆ ನೋಡಿ. ಅದು ಚಿತ್ರಕತೆಯವರು ಬರೆದದ್ದು. ಆಮೇಲೆ ಕ್ರಾಂಜ್ ಅವರೇ ತಮ್ಮ ಆತ್ಮಕತೆಗೆ ಅದನ್ನೇ ಹೆಸರಾಗಿಟ್ಟರು. ಸಿನಿಮಾದ ಮಾತು ಹೀಗೆ ನಿಜದ ಮನುಷ್ಯನ ಮಾತಾಗಿ ಇತಿಹಾಸದೊಳಗೆ ನುಗ್ಗುತ್ತದೆ.

ಮೂಲಕ್ಕೆ ಹೋಗಿ, ಮೂಲದ ಮೂಲಕ್ಕೂ ಹೋಗಿ

ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ನಮ್ಮ ಎಲ್ಲರಿಗೂ ಗೊತ್ತಿರುವ ‘ಮಯೂರ’ ಚಿತ್ರದ ಜೊತೆ ಇದನ್ನು ಮಾಡಿ ನೋಡೋಣ. ರಾಜ್‌ಕುಮಾರ್ ಅಭಿನಯದ ಈ ಚಿತ್ರ ಬಂದದ್ದು 1975ರಲ್ಲಿ. ಬನವಾಸಿಯ ಕದಂಬರ ಮೊದಲ ರಾಜನ ಕತೆ.

ಸಿನಿಮಾದಿಂದ ಒಂದು ಮೆಟ್ಟಿಲು ಕೆಳಗಿಳಿದರೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಸಿಗುತ್ತದೆ. ಚಿತ್ರಕ್ಕೆ ಅದೇ ಆಧಾರ. ಅಂದರೆ ನಾವು ತೆರೆಯ ಮೇಲೆ ನೋಡಿದ್ದು ಇತಿಹಾಸದ ಸಿನಿಮಾ ರೂಪವಲ್ಲ, ಕಾದಂಬರಿಯ ಸಿನಿಮಾ ರೂಪ. ಇತಿಹಾಸದ ಚಿತ್ರಗಳಲ್ಲಿ ಹೀಗಾಗುವುದು ಬಹಳ ಸಾಮಾನ್ಯ. ಹೆಸರು ತೋರಿಸುವಾಗ ‘ಕತೆ’ ಅಂತ ಯಾರ ಹೆಸರಿದೆ ನೋಡಿದರೆ ಸಾಕು, ಅರ್ಧ ಕೆಲಸ ಮುಗಿಯುತ್ತದೆ.

ಇನ್ನೂ ಕೆಳಗಿಳಿದರೆ ಕಲ್ಲು ಸಿಗುತ್ತದೆ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರುವ ಕಂಬದ ಶಾಸನ. ಮಯೂರನ ಬಗ್ಗೆ ನಮಗೆ ಗೊತ್ತಿರುವ ಹೆಚ್ಚಿನ ಸಂಗತಿ ಬಂದದ್ದು ಇಲ್ಲಿಂದ. ಸಂಸ್ಕೃತದಲ್ಲಿದೆ, ಬರೆದ ಕವಿ ಕುಬ್ಜ. ಅದು ಹೇಳುವ ಕತೆ ಹೀಗಿದೆ. ಕದಂಬರದು ವೇದ ಓದುವ ಬ್ರಾಹ್ಮಣ ಮನೆತನ. ಮನೆಯ ಹತ್ತಿರ ಕದಂಬ ಮರವಿತ್ತು, ಅದರಿಂದಲೇ ಆ ಹೆಸರು. ಆ ಮನೆತನದ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲು ಪಲ್ಲವರ ಕಂಚಿಗೆ ಹೋದ, ಅಲ್ಲಿನ ಘಟಿಕೆ ಎಂಬ ವಿದ್ಯಾಕೇಂದ್ರ ಸೇರಿದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಕ್ಷತ್ರಿಯರ ಎದುರು ಬ್ರಾಹ್ಮಣ ಇಷ್ಟು ದುರ್ಬಲನಾಗಬೇಕೇ ಎಂದು ಕೆರಳಿದ. ದರ್ಭೆ, ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಕಡೆಯ ಕಾಡು ಸೇರಿದ. ಬಾಣ ವಂಶದ ಅರಸರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರು ಅವನ ಜೊತೆ ಸ್ನೇಹ ಬೆಳೆಸಿ, ಅವನಿಗೆ ನಾಡನ್ನು ಬಿಟ್ಟುಕೊಟ್ಟರು.

ಈಗ ಸಿನಿಮಾವನ್ನು ಪಕ್ಕದಲ್ಲಿಟ್ಟು ನೋಡಿ. ಕಂಚಿಯ ಅವಮಾನ, ಕತ್ತಿ ಹಿಡಿದದ್ದು, ಪಲ್ಲವರ ವಿರುದ್ಧ ಎದ್ದದ್ದು ಕಲ್ಲಿನಲ್ಲೂ ಇದೆ. ಆದರೆ ಸಿನಿಮಾದ ಮಯೂರ ತನಗೇ ಗೊತ್ತಿಲ್ಲದ ರಾಜಕುಮಾರ. ಪಲ್ಲವರಿಂದ ರಾಜ್ಯ ಕಳೆದುಕೊಂಡ ಮನೆತನದ ಕುಡಿ, ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೆ ಕಳೆದದ್ದನ್ನು ಮರಳಿ ಪಡೆಯಲು ಹೊರಡುತ್ತಾನೆ. ಶಾಸನದಲ್ಲಿ ಕಳೆದುಹೋದ ಸಿಂಹಾಸನವೇ ಇಲ್ಲ. ಅಲ್ಲಿ ಒಬ್ಬ ವಿದ್ಯಾರ್ಥಿ ಇಲ್ಲದ ರಾಜ್ಯವನ್ನು ಕಟ್ಟುತ್ತಾನೆ.

ಈ ಬದಲಾವಣೆ ಸಣ್ಣದಲ್ಲ. ರಾಜನ ಮಗ ರಾಜನಾಗುವುದು ನಮಗೆ ಕೇಳಿ ರೂಢಿಯಾದ ಕತೆ. ಹಕ್ಕು ರಕ್ತದಲ್ಲೇ ಇತ್ತು, ಮರಳಿ ಬಂತು. ಓದಲು ಹೋದ ಹುಡುಗ ರಾಜನಾಗುವುದು ಅದಕ್ಕಿಂತ ವಿಚಿತ್ರ, ಅದಕ್ಕಿಂತ ದೊಡ್ಡ ಸಾಹಸ. ನನಗೆ ಕಲ್ಲಿನ ಕತೆಯೇ ಹೆಚ್ಚು ಇಷ್ಟ. ಸಿನಿಮಾ ಮಾಡಿದವರಿಗೆ ಇನ್ನೊಂದು ಬೇಕಿತ್ತು, ಅದೂ ಅರ್ಥವಾಗುತ್ತದೆ. ಮಾತು ಇಷ್ಟೇ, ಎರಡೂ ಬೇರೆ ಬೇರೆ ಕತೆ ಅಂತ ನೋಡುವವರಿಗೆ ಗೊತ್ತಿರಬೇಕು.

ಇಲ್ಲಿಗೇ ನಿಲ್ಲಬೇಡಿ. ಕಲ್ಲಿಗೂ ಅದೇ ಪ್ರಶ್ನೆ ಕೇಳಿ: ಕುಬ್ಜನಿಗೆ ಹೇಗೆ ಗೊತ್ತು? ಮಯೂರಶರ್ಮನ ಕಾಲ ನಾಲ್ಕನೇ ಶತಮಾನದ ನಡುಭಾಗ. ಶಾಸನ ಹುಟ್ಟಿದ್ದು ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, ಸುಮಾರು ನೂರು ವರ್ಷದ ಮೇಲೆ. ಬರೆದವನು ಆ ವಂಶದ ಆಸರೆಯಲ್ಲಿದ್ದ ಕವಿ. ತನ್ನ ಒಡೆಯನ ಪೂರ್ವಜನ ಸಾಹಸವನ್ನು ಅವನು ಹಿಗ್ಗಿಸಿ ಹೇಳಿರಬಹುದು, ಚೆಂದದ ಜಗಳದ ಕತೆಯೊಂದನ್ನು ಸೇರಿಸಿರಲೂಬಹುದು. ಪಲ್ಲವರ ಕಡೆಯವರು ಇದೇ ಘಟನೆಯನ್ನು ಹೇಳಿದ್ದರೆ ಬೇರೆಯೇ ಹೇಳುತ್ತಿದ್ದರು. ಹೀಗೆ ಕಂಬದ ಮೇಲಿನ ಪದ್ಯ, ಅದರ ಮೇಲೆ ಕಾದಂಬರಿ, ಅದರ ಮೇಲೆ ಸಿನಿಮಾ. ಪ್ರತಿ ಮೆಟ್ಟಿಲಲ್ಲೂ ಯಾರೋ ಏನನ್ನೋ ಆರಿಸಿಕೊಂಡಿದ್ದಾರೆ, ಏನನ್ನೋ ಬಿಟ್ಟಿದ್ದಾರೆ. ಈ ಮೆಟ್ಟಿಲುಗಳನ್ನು ಒಂದು ಹಾಳೆಯ ಮೇಲೆ ಕೆಳಗಿನಿಂದ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ವರ್ಷ, ಬರೆದವರು, ಯಾರಿಗಾಗಿ ಎಂಬ ಮೂರು ಸಂಗತಿ ಇರಲಿ. ಒಂದೇ ಒಂದು ಚಿತ್ರಕ್ಕೆ ಇದನ್ನು ಮಾಡಿದರೂ ಮುಂದಿನ ಸಿನಿಮಾ ನೋಡುವ ರೀತಿಯೇ ಬದಲಾಗುತ್ತದೆ.

ದಾಖಲೆಗೆ ಹತ್ತಿರವಾಗಿ ನಿಲ್ಲುವ ದೃಶ್ಯಗಳೂ ಇವೆ, ಅವನ್ನು ಗುರುತಿಸುವುದೂ ಕೆಲಸವೇ. ‘ಗಾಂಧಿ’ ಚಿತ್ರದ ಜಲಿಯನ್‌ವಾಲಾಬಾಗ್ ನೋಡಿ. 1919ರ ಏಪ್ರಿಲ್ 13. ಮಷಿನ್‌ಗನ್ ಇದ್ದ ವಾಹನಗಳು ಇಕ್ಕಟ್ಟಿನ ದಾರಿಯಲ್ಲಿ ಒಳಗೆ ಬಾರದೆ ಹೊರಗೇ ಉಳಿದದ್ದು, 1,650 ಗುಂಡು ಹಾರಿಸಿದ್ದು, ಒಳಗೆ ತರಲು ಆಗಿದ್ದರೆ ಅವನ್ನೂ ಬಳಸುತ್ತಿದ್ದೆ ಎನ್ನುವ ಅರ್ಥದಲ್ಲಿ ಗುಂಡು ಹಾರಿಸಲು ಹೇಳಿದ ಅಧಿಕಾರಿ ಡಯರ್ ವಿಚಾರಣೆಯಲ್ಲಿ ಉತ್ತರಿಸಿದ್ದು, ಎಲ್ಲವೂ ಆ ವಿಚಾರಣೆ ನಡೆಸಿದ ಹಂಟರ್ ಸಮಿತಿಯ ದಾಖಲೆಯಲ್ಲಿದೆ. ಅಲ್ಲಿ ಬರಹಗಾರ ಕಟ್ಟುವ ಅಗತ್ಯವೇ ಇರಲಿಲ್ಲ.

ಹೆಸರುಗಳನ್ನು ಹುಡುಕಿ

ಪಾತ್ರಗಳ ಪಟ್ಟಿ ಮಾಡಿ, ಒಬ್ಬೊಬ್ಬರೂ ನಿಜವಾಗಿ ಇದ್ದರಾ ಅಂತ ನೋಡಿ. ಹಲವರು ಮಾಡಿದ್ದನ್ನು ಒಬ್ಬರ ಮೇಲೆ ಹೊರಿಸಿ ಒಂದು ಪಾತ್ರ ಮಾಡುವುದು ಬರಹಗಾರರ ಹಳೇ ದಾರಿ. ಸೋವಿಯತ್ ಅಣುಸ್ಥಾವರದ ಸ್ಫೋಟದ ಕುರಿತ 2019ರ ‘ಚೆರ್ನೋಬಿಲ್’ ಸರಣಿಯ ವಿಜ್ಞಾನಿ ಉಲಾನಾ ಖೋಮ್ಯುಕ್ ಹಾಗೆ ಹುಟ್ಟಿದವಳು. ತನಿಖೆಗೆ ನೆರವಾದ ಹಲವು ವಿಜ್ಞಾನಿಗಳ ಬದಲಿಗೆ ಈ ಒಬ್ಬಳು ಅಂತ ಸರಣಿಯ ಕೊನೆಯಲ್ಲಿ ಅವರೇ ಹೇಳಿದರು. ಅದೇ ಸರಣಿಯಲ್ಲಿ 1987ರ ವಿಚಾರಣೆಯಲ್ಲಿ ವಿಜ್ಞಾನಿ ಲೆಗಾಸೊವ್ ನಿಂತು ಸ್ಫೋಟದ ಕಾರಣವನ್ನು ವಿವರಿಸುವ ದೃಶ್ಯ ಇದೆ. ನಿಜದಲ್ಲಿ ಅವರು ಆ ವಿಚಾರಣೆಯಲ್ಲಿ ಇರಲಿಲ್ಲ. ಬರಹಗಾರ ಕ್ರೇಗ್ ಮೇಜಿನ್ ಪ್ರತಿ ಕಂತಿನ ಜೊತೆಗೆ ಒಂದು ಪಾಡ್‌ಕಾಸ್ಟ್ ಮಾಡಿ, ಎಲ್ಲಿ ಬದಲಿಸಿದೆವು, ಯಾಕೆ ಬದಲಿಸಿದೆವು ಅಂತ ಹೇಳುತ್ತಾ ಹೋದರು. ನಮ್ಮ ಚಿತ್ರಗಳಿಗೂ ಇಂಥದ್ದೊಂದು ಇರಬೇಕು ಅಂತ ನನಗೆ ಬಹಳ ಆಸೆ.

ಹೆಸರು ನಿಜವಾಗಿದ್ದು ಕೆಲಸ ಕಟ್ಟಿದ್ದಾದರೆ ತೊಂದರೆ ಜಾಸ್ತಿ. 1997ರ ‘ಟೈಟಾನಿಕ್’ನಲ್ಲಿ ಹಡಗಿನ ಅಧಿಕಾರಿ ವಿಲಿಯಂ ಮರ್ಡಾಕ್ ಪ್ರಯಾಣಿಕರ ಮೇಲೆ ಗುಂಡು ಹಾರಿಸಿ, ತಾನೂ ಗುಂಡು ಹಾರಿಸಿಕೊಳ್ಳುತ್ತಾನೆ. ಆ ರಾತ್ರಿ ಒಬ್ಬ ಅಧಿಕಾರಿ ಗುಂಡು ಹಾರಿಸಿದ ಅಂತ ಬದುಕುಳಿದ ಕೆಲವರು ಹೇಳಿದ್ದರು. ಅದು ಮರ್ಡಾಕ್ ಅಂತ ಯಾವತ್ತೂ ಸಾಬೀತಾಗಿಲ್ಲ. ಅವರ ಊರು ಸ್ಕಾಟ್ಲೆಂಡಿನ ಡಾಲ್‌ಬೀಟಿ. ಅಲ್ಲಿನ ಜನರಿಗೆ ಆತ ಕೊನೆಯವರೆಗೂ ಜನರನ್ನು ದೋಣಿ ಹತ್ತಿಸಿದ ವೀರ. 1998ರಲ್ಲಿ ಚಿತ್ರ ಸಂಸ್ಥೆಯ ಅಧಿಕಾರಿಯೊಬ್ಬರು ಆ ಊರಿಗೇ ಹೋಗಿ ಕ್ಷಮೆ ಕೇಳಿದರು, ಅಲ್ಲಿನ ಶಾಲೆಯಲ್ಲಿ ಮರ್ಡಾಕ್ ನೆನಪಿಗೆ ಕೊಡುವ ಬಹುಮಾನಕ್ಕೆ 5,000 ಪೌಂಡ್ ಕೊಟ್ಟರು. ಸತ್ತು 86 ವರ್ಷವಾದ ಮೇಲೂ ಒಬ್ಬ ಮನುಷ್ಯನ ಹೆಸರಿಗೆ ಊರು ಎದ್ದು ನಿಂತಿತ್ತು.

ಬಿಟ್ಟದ್ದು ಯಾರನ್ನು?

ತೋರಿಸಿದ್ದನ್ನು ಪರೀಕ್ಷಿಸುವುದು ಸುಲಭ. ತೋರಿಸದೇ ಇದ್ದದ್ದು ಕಣ್ಣಿಗೆ ಬೀಳುವುದಿಲ್ಲ. ‘ಗಾಂಧಿ’ ಮೂರು ಗಂಟೆಗೂ ಉದ್ದದ ಚಿತ್ರ. ಅಂತ್ಯಯಾತ್ರೆಯ ದೃಶ್ಯಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟು ದೊಡ್ಡ ಚಿತ್ರದಲ್ಲಿ ಅಂಬೇಡ್ಕರ್ ಇಲ್ಲ. ದಲಿತರ ಪ್ರಾತಿನಿಧ್ಯದ ಬಗ್ಗೆ ಅಂಬೇಡ್ಕರ್ ಜೊತೆ ಆದ 1932ರ ಪೂನಾ ಒಪ್ಪಂದ ಗಾಂಧಿಯವರ ಬದುಕಿನ ಅಷ್ಟೊಂದು ಮುಖ್ಯ ಘಟ್ಟ, ಅದೂ ಇಲ್ಲ. ಯಾರ ಬದುಕನ್ನೂ ಒಂದೇ ಸಲ ಹೇಳಲಾಗದು ಅನ್ನುವ ಶುರುವಿನ ಮಾತು ಇದಕ್ಕೆ ಪೂರ್ತಿ ಉತ್ತರ ಅಂತ ನನಗೆ ಅನ್ನಿಸುವುದಿಲ್ಲ. ಗಾಂಧಿಯವರ ಜೊತೆ ಅಷ್ಟು ಗಟ್ಟಿಯಾಗಿ ವಾದ ಮಾಡಿದವರನ್ನು ತೆಗೆದರೆ ಉಳಿಯುವ ಗಾಂಧಿಯೂ ಚಿಕ್ಕವರಾಗುತ್ತಾರೆ.

ಈ ಹೆಜ್ಜೆಗೆ ಒಂದು ಸರಳ ಉಪಾಯವಿದೆ. ಆ ಕಾಲದ ಬಗ್ಗೆ ಒಂದು ಶಾಲಾ ಪಠ್ಯವನ್ನೋ ವಿಶ್ವಕೋಶದ ಬರಹವನ್ನೋ ತೆಗೆದು, ಅಲ್ಲಿ ಬರುವ ಹೆಸರುಗಳನ್ನು ಗುರುತು ಹಾಕಿ. ಸಿನಿಮಾದಲ್ಲಿ ಬಂದವರನ್ನು ಹೊಡೆದು ಹಾಕಿ. ಉಳಿದವರು ಯಾರು, ಅವರೆಲ್ಲ ಒಂದೇ ಜಾತಿಯವರಾ, ಒಂದೇ ಪಕ್ಷದವರಾ, ಹೆಂಗಸರಾ ಅಂತ ನೋಡಿ. ಒಂದು ಜಾಡು ಕಂಡರೆ ಅದನ್ನು ಹಿಡಿದು ಹೋಗಿ.

ಯಾವ ಕಾಲದ ಸಿನಿಮಾ?

ಕತೆ ನಡೆಯುವ ವರ್ಷದ ಪಕ್ಕದಲ್ಲಿ ಸಿನಿಮಾ ಬಂದ ವರ್ಷವನ್ನೂ ಬರೆಯಿರಿ. ಟೈಟಾನಿಕ್ ಬಗ್ಗೆ 1958ರಲ್ಲಿ ಬಂದ ಬ್ರಿಟಿಷ್ ಚಿತ್ರದಲ್ಲಿ ಹಡಗು ಇಡಿಯಾಗಿ ಮುಳುಗುತ್ತದೆ. ಅದು ನಿರ್ದೇಶಕನ ಸೋಮಾರಿತನವಲ್ಲ, 1912ರ ವಿಚಾರಣೆಗಳು ಹಾಗೇ ಹೇಳಿದ್ದವು. ಹಡಗು ಎರಡು ತುಂಡಾಗಿದೆ ಅಂತ ಖಚಿತವಾದದ್ದು 1985ರಲ್ಲಿ ಅದರ ಅವಶೇಷ ಸಮುದ್ರದ ತಳದಲ್ಲಿ ಸಿಕ್ಕ ಮೇಲೆ. ಎರಡು ತುಂಡಾಯಿತು ಅಂತ ಬದುಕುಳಿದ ಕೆಲವರು ಮೊದಲಿನಿಂದ ಹೇಳುತ್ತಲೇ ಇದ್ದರು ಅನ್ನುವುದು ಬೇರೆ ಮಾತು.

ನಮ್ಮಲ್ಲೂ ಇದು ಕಾಣುತ್ತದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ‘ಮಯೂರ’ ಬಂದದ್ದು ಅದಾಗಿ ಎರಡೇ ವರ್ಷಕ್ಕೆ. ಕನ್ನಡ ನೆಲದ ಮೊದಲ ಸ್ವಂತ ರಾಜವಂಶ, ಹೊರಗಿನವರ ಆಳ್ವಿಕೆ ಕಿತ್ತೊಗೆಯುವ ನಾಯಕ, ಅವನಾಗಿ ರಾಜ್‌ಕುಮಾರ್. ಆ ಹೊತ್ತಿನ ನಾಡಿಗೆ ಈ ಕತೆ ಬೇಕಿತ್ತು ಅನ್ನುವುದು ನನ್ನ ಓದು. ಹಾಗೆ ನೋಡಿದಾಗ ಆ ಚಿತ್ರ ನಾಲ್ಕನೇ ಶತಮಾನಕ್ಕೆ ದುರ್ಬಲ ಸಾಕ್ಷಿ, 1970ರ ದಶಕಕ್ಕೆ ಬಹಳ ಒಳ್ಳೆಯ ಸಾಕ್ಷಿ.

ಸಾಕ್ಷ್ಯಚಿತ್ರಕ್ಕೂ ವಿನಾಯಿತಿ ಬೇಡ

ಸಿನಿಮಾ ಆದರೆ ಅನುಮಾನ ಪಡುವ ನಾವು ಕಪ್ಪು-ಬಿಳುಪು ದೃಶ್ಯ, ಗಂಭೀರ ದನಿ ಕೇಳಿದ ಕೂಡಲೇ ನಂಬಿಬಿಡುತ್ತೇವೆ. ಇಲ್ಲಿ ಮೊದಲ ಪ್ರಶ್ನೆ: ಕ್ಯಾಮರಾ ಎಲ್ಲಿ ನಿಂತಿತ್ತು?

1916ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧದ ಸೊಮ್ ಕದನ ಫ್ರಾನ್ಸಿನಲ್ಲಿ ಇನ್ನೂ ನಡೆಯುತ್ತಿರುವಾಗಲೇ, ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ ಆ ಕದನದ ಸಾಕ್ಷ್ಯಚಿತ್ರ ಬಂತು. ಆರು ವಾರದಲ್ಲಿ ಸುಮಾರು ಎರಡು ಕೋಟಿ ಜನ ನೋಡಿದರು. ಅದರಲ್ಲಿ ಹೆಚ್ಚಿನದು ಅಲ್ಲೇ ತೆಗೆದ ನಿಜ ದೃಶ್ಯ. ಆದರೆ ಜನರ ಎದೆ ನಡುಗಿಸಿದ ತುಣುಕು, ಸೈನಿಕರು ಕಂದಕದಿಂದ ಮೇಲೇರುವುದು, ಅಲ್ಲೇ ಒಬ್ಬ ಜಾರಿ ಬೀಳುವುದು, ಅದು ಮಾತ್ರ ಕದನದ ಸಾಲಿನ ಹಿಂದೆ ಸುರಕ್ಷಿತ ಜಾಗದಲ್ಲಿ ನಟಿಸಿ ತೆಗೆದದ್ದು. ನಿಜ ದಾಳಿಯಲ್ಲಿ ಅಲ್ಲಿ ಕ್ಯಾಮರಾ ಹಿಡಿದು ನಿಲ್ಲುವವನು ಉಳಿಯುತ್ತಿರಲಿಲ್ಲ.

ಎರಡನೆಯ ಪ್ರಶ್ನೆ: ಈ ತುಣುಕು ಮೊದಲು ಯಾವುದಕ್ಕಾಗಿ ತೆಗೆದದ್ದು? 1917ರಲ್ಲಿ ಪೆಟ್ರೊಗ್ರಾಡ್‌ನ ಚಳಿಗಾಲದ ಅರಮನೆಗೆ ಕ್ರಾಂತಿಕಾರರು ನುಗ್ಗುವ ದೃಶ್ಯವನ್ನು ಎಷ್ಟೋ ಸಾಕ್ಷ್ಯಚಿತ್ರಗಳಲ್ಲಿ ನೋಡುತ್ತೇವೆ. ಅದು ಸೆರ್ಗೈ ಐಸೆನ್‌ಸ್ಟೈನ್ ಹತ್ತು ವರ್ಷದ ನಂತರ, ಕ್ರಾಂತಿಯ ದಶಮಾನೋತ್ಸವಕ್ಕೆ ಮಾಡಿದ ಕಥಾಚಿತ್ರದ್ದು. ನಿಜ ಘಟನೆ ಅಷ್ಟು ಭವ್ಯವಾಗಿರಲಿಲ್ಲ, ರಾತ್ರಿ ನಡೆದ ಅದನ್ನು ಯಾರೂ ಚಿತ್ರಿಸಿರಲಿಲ್ಲ. ಅನುಮಾನ ಬಂದ ದೃಶ್ಯವನ್ನು ನಿಲ್ಲಿಸಿ, ಆ ಚೌಕಟ್ಟಿನ ಚಿತ್ರ ತೆಗೆದು, ಚಿತ್ರ ಹಾಕಿ ಹುಡುಕುವ ಸೌಲಭ್ಯದಲ್ಲಿ ಹುಡುಕಿ. ಹಳೆಯ ಕಥಾಚಿತ್ರದ ಹೆಸರು ಸಿಕ್ಕರೆ ಗೊತ್ತಾಯಿತಲ್ಲ. ಎಐ ಚಿತ್ರಗಳು ಬಂದ ಮೇಲೆ ಈ ಅಭ್ಯಾಸ ಇನ್ನೂ ಜಾಸ್ತಿ ಬೇಕು. ಎಲ್ಲೂ ಹಿಂದಿನ ಜಾಡು ಸಿಗದ ‘ಹಳೆಯ’ ಚಿತ್ರವನ್ನು ಬೇಗ ನಂಬಬೇಡಿ.

ಮೂರನೆಯದು ದನಿ. ಮೊದಲ ಮಹಾಯುದ್ಧದ ಚಿತ್ರಗಳಿಗೆ ಶಬ್ದವೇ ಇರಲಿಲ್ಲ. ಗುಂಡಿನ ಸದ್ದು ಕೇಳಿದರೆ ಆಮೇಲೆ ಸೇರಿಸಿದ್ದು. ಪೀಟರ್ ಜಾಕ್ಸನ್ 2018ರಲ್ಲಿ ಮಾಡಿದ ಚಿತ್ರದಲ್ಲಿ ಆ ಹಳೆಯ ತುಣುಕುಗಳಿಗೆ ಬಣ್ಣ ಕೊಟ್ಟರು, ವೇಗ ಸರಿಪಡಿಸಿದರು, ತುಟಿಯ ಚಲನೆ ಓದಬಲ್ಲವರನ್ನು ಕರೆಸಿ ಸೈನಿಕರ ಮಾತು ಗುರುತಿಸಿ, ನಟರಿಂದ ಹೇಳಿಸಿದರು. ನಿರೂಪಣೆಯೆಲ್ಲ ನಿಜ ಸೈನಿಕರ ದನಿ, ಆದರೆ ಅವರು ಅದನ್ನು ಹೇಳಿದ್ದು ಯುದ್ಧ ಮುಗಿದು ದಶಕಗಳಾದ ಮೇಲೆ. ಇದರಲ್ಲಿ ಮೋಸವೇನಿಲ್ಲ, ಕೆಲಸ ಅದ್ಭುತವಾಗಿದೆ. ನೋಡುವಾಗ ಕಣ್ಣಿಗೆ ಕಾಣುವುದು 1916, ಕಿವಿಗೆ ಕೇಳುವುದು ಮುದುಕರ ನೆನಪು ಅಂತ ತಿಳಿದಿದ್ದರೆ ಸಾಕು.

ನಟಿಸಿದ್ದೆಲ್ಲ ಸುಳ್ಳು ಅಂತಲೂ ತಿಳಿಯಬೇಡಿ. ಕ್ಲೋದ್ ಲಾಂಝ್‌ಮನ್ ಯಹೂದಿಗಳ ಹತ್ಯಾಕಾಂಡ ಕುರಿತು 1985ರಲ್ಲಿ ‘ಷೋವಾ’ ಮಾಡಿದಾಗ ಒಂದೇ ಒಂದು ಹಳೆಯ ತುಣುಕನ್ನೂ ಬಳಸಲಿಲ್ಲ. ಒಂಬತ್ತು ಗಂಟೆಗೂ ಉದ್ದದ ಚಿತ್ರ, ಬರೀ ಬದುಕುಳಿದವರು, ಕಂಡವರು, ಮಾಡಿದವರು ಮತ್ತು ಈಗಿನ ಜಾಗಗಳು. ಅದರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಸಾಯಲಿದ್ದವರ ಕೂದಲು ಕತ್ತರಿಸುವ ಕೆಲಸಕ್ಕೆ ಹಚ್ಚಲ್ಪಟ್ಟ ಅಬ್ರಹಾಂ ಬೊಂಬಾ ಮಾತಾಡುವುದು ಒಂದು ಕ್ಷೌರದ ಅಂಗಡಿಯಲ್ಲಿ. ಅವರು ಆಗಲೇ ಕೆಲಸದಿಂದ ನಿವೃತ್ತರು. ನಿರ್ದೇಶಕರೇ ಅಂಗಡಿ ಗೊತ್ತುಮಾಡಿ, ಕೈಗೆ ಕತ್ತರಿ ಕೊಟ್ಟು ಮಾತಾಡಿಸಿದರು. ಸನ್ನಿವೇಶ ಜೋಡಿಸಿದ್ದು. ಅಲ್ಲಿ ಬಂದ ಮಾತು, ಅಲ್ಲಿ ಕಟ್ಟಿಹೋದ ಗಂಟಲು ಅವರದೇ.

ಬದಲಾವಣೆಯನ್ನು ತೂಗಿ

ಇಷ್ಟು ಮಾಡುವಷ್ಟರಲ್ಲಿ ನಿಮ್ಮ ಹಾಳೆಯಲ್ಲಿ ಒಂದಿಷ್ಟು ವ್ಯತ್ಯಾಸಗಳು ಸೇರಿರುತ್ತವೆ. ಎಲ್ಲದಕ್ಕೂ ಒಂದೇ ಸಿಟ್ಟು ಬೇಡ. ಬಟ್ಟೆ, ಒಡವೆ, ಕೋಟೆಯ ಬಣ್ಣ ತಪ್ಪಿದ್ದರೆ ಬಿಡಿ. ಎರಡು ವರ್ಷದ ಘಟನೆಯನ್ನು ಎರಡು ತಿಂಗಳಿಗೆ ಇಳಿಸಿದ್ದರೆ ಗುರುತು ಹಾಕಿಕೊಂಡು ಮುಂದೆ ಹೋಗಿ. ಮಾಡಿದವರನ್ನೇ ಬದಲಿಸಿದ್ದರೆ ನಿಲ್ಲಿ. 2000ನೇ ಇಸವಿಯ ‘ಯು-571’ ಚಿತ್ರದಲ್ಲಿ ಜರ್ಮನ್ನರ ಗುಪ್ತಲಿಪಿ ಯಂತ್ರವನ್ನು ಅಮೆರಿಕದ ನೌಕಾಪಡೆ ವಶಮಾಡಿಕೊಳ್ಳುತ್ತದೆ. 1941ರ ಮೇನಲ್ಲಿ ಯು-110 ಎಂಬ ಜಲಾಂತರ್ಗಾಮಿಯಿಂದ ಆ ಯಂತ್ರ ತಂದದ್ದು ಬ್ರಿಟಿಷ್ ನೌಕಾಪಡೆ. ಆಗ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್, ಇದು ಸತ್ತ ನಾವಿಕರಿಗೆ ಮಾಡಿದ ಅವಮಾನ ಎಂಬ ಮಾತನ್ನು ಸಂಸತ್ತಿನಲ್ಲೇ ಒಪ್ಪಿಕೊಂಡರು.

ಇನ್ನೂ ಗಂಭೀರವಾದದ್ದು ಒಂದಿದೆ. ಬದಲಾವಣೆಯ ಹೊರೆ ಈಗ ಬದುಕಿರುವ ಒಂದು ಜನವರ್ಗದ ಮೇಲೆ ಬೀಳುತ್ತದಾ ನೋಡಿ. ಒಬ್ಬ ರಾಜ ಮಾಡಿದ್ದನ್ನು ಅವನ ಧರ್ಮದವರೆಲ್ಲ ಮಾಡಿದ ಹಾಗೆ, ಒಂದು ಊರಿನ ಜಗಳವನ್ನು ಎರಡು ಭಾಷೆಯವರ ದ್ವೇಷದ ಹಾಗೆ ತೋರಿಸಿದ್ದರೆ, ಚಿತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ಬಾಯಿಬಿಟ್ಟು ಹೇಳಬೇಕು. ಚಿತ್ರಮಂದಿರದಿಂದ ಹೊರಬಂದವರು ಆ ಸಿಟ್ಟನ್ನು ಪಕ್ಕದ ಮನೆಯವರ ಮೇಲೆ ತೀರಿಸಿಕೊಳ್ಳುತ್ತಾರೆ.

ಎಲ್ಲಿ ಹುಡುಕುವುದು

ನಮ್ಮ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಬಿ.ಎಲ್. ರೈಸ್ ಶುರುಮಾಡಿದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಇಂಗ್ಲಿಷ್ ಅನುವಾದವೂ ಜೊತೆಗಿದೆ. ಕಿತ್ತೂರಿನಂಥ ವಿಷಯಕ್ಕೆ ಬಾಂಬೆ ಪ್ರಾಂತ್ಯದ ಗೆಜೆಟಿಯರ್‌ನ ಬೆಳಗಾವಿ, ಧಾರವಾಡ ಸಂಪುಟಗಳನ್ನು ನೋಡಿ, ಎರಡೂ 1884ರವು. ಅವು ಆಳಿದವರ ಕಣ್ಣಿನಿಂದ ಬರೆದವು ಅಂತ ನೆನಪಿಟ್ಟು ಓದಿ, ಪಕ್ಕದಲ್ಲಿ ಕಿತ್ತೂರಿನ ಲಾವಣಿಗಳನ್ನೂ ಇಟ್ಟುಕೊಳ್ಳಿ. ಬ್ರಿಟಿಷರ ಕಾಲದ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣ ಇದೆ. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಇತ್ತೀಚಿನ ಘಟನೆಯಾದರೆ ಆ ವಾರದ ಎರಡು ಬೇರೆ ಬೇರೆ ಪತ್ರಿಕೆ, ತನಿಖಾ ಆಯೋಗದ ವರದಿ, ಕೋರ್ಟಿನ ತೀರ್ಪು, ಇಷ್ಟು ಸಾಕು.

ಆದರೆ ಜಾಗಕ್ಕೆ ಹೋಗುವುದನ್ನು ಬಿಡಬೇಡಿ. 1995ರ ‘ಬ್ರೇವ್‌ಹಾರ್ಟ್’ ಸ್ಟರ್ಲಿಂಗ್ ಸೇತುವೆಯ ಕದನವನ್ನು ಸೇತುವೆಯೇ ಇಲ್ಲದ ಬಯಲಿನಲ್ಲಿ ತೋರಿಸಿತು. 1297ರಲ್ಲಿ ಸ್ಕಾಟರು ಗೆದ್ದದ್ದೇ ಆ ಇಕ್ಕಟ್ಟಿನ ಸೇತುವೆಯ ಮೇಲೆ ಇಂಗ್ಲಿಷರು ಒಟ್ಟಿಗೆ ದಾಟಲಾಗದೆ ಸಿಕ್ಕಿಕೊಂಡದ್ದರಿಂದ. ಜಾಗ ಬಿಟ್ಟರೆ ಗೆಲುವಿನ ಕಾರಣವೇ ಬಿಟ್ಟುಹೋಗುತ್ತದೆ. ಕಿತ್ತೂರಿನ ಕೋಟೆಯಲ್ಲಿ ಓಡಾಡಿದರೆ ಥ್ಯಾಕರೆಯ ಪಡೆ ಯಾವ ಕಡೆಯಿಂದ ಬಂದಿರಬಹುದು, ಹೆಬ್ಬಾಗಿಲಿನಿಂದ ಹೊರಗೆ ನುಗ್ಗಿದವರಿಗೆ ಎಷ್ಟು ಜಾಗ ಇತ್ತು ಅಂತ ಕಾಲಿಗೇ ಗೊತ್ತಾಗುತ್ತದೆ. ಅಲ್ಲಿಂದ ಬೈಲಹೊಂಗಲದ ಸಮಾಧಿಗೂ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡಕ್ಕೂ ಹೋಗಿ ಬನ್ನಿ. ತಾಳಗುಂದಕ್ಕೆ ಹೋಗುವುದಾದರೆ ಶಾಸನದ ಅನುವಾದವನ್ನು ಮೊದಲೇ ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ. ಕಂಬದ ಮೇಲಿನ ಅಕ್ಷರ ನಮಗೆ ಓದಲು ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಕಂಬದ ಪಕ್ಕ ನಿಂತು ಅದನ್ನು ಗಟ್ಟಿಯಾಗಿ ಓದಿ ಹೇಳಿ, ಸಿನಿಮಾವನ್ನು ಊರಿಗೆ ವಾಪಸ್ ಬಂದ ಮೇಲೆ ತೋರಿಸಿ.